ಎಡೆ ಇಡದಿದ್ದರೆ ಇರಲಿ, ಇನ್ಸುಲಿನ್ ಮಾತ್ರ ನಿಲ್ಲಬಾರದು

ಸಕಲೇಶಪುರದ ಕಡೆಯ ಒಂದು ಕುಟುಂಬದ ವಿಷಯ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರ್. ಹೆಂಡತಿ ಮನೆ, ದನ, ಸ್ವಲ್ಪ ಮೆಣಸು ನೋಡಿಕೊಳ್ಳುತ್ತಾರೆ. ಜೊತೆಗೆ ಅತ್ತೆ, ಒಂಬತ್ತು ವರ್ಷದ ಮಗಳು. ಮಗಳನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ.

ಹಾಸನಕ್ಕೆ ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದವರು ಹೆಂಡತಿ, ಅತ್ತೆ, ಮತ್ತೆ ಹೆಂಡತಿಯ ಅಣ್ಣ. ದೂರು ಗಂಡನ ಮೇಲೆ. ಅವರು ಒಂದು ವರ್ಷದಿಂದ ಒಂದು ಸಣ್ಣ ಗುಂಪಿಗೆ ಸೇರಿದ್ದಾರೆ. ಆ ಗುಂಪಿನಲ್ಲಿ ಮೂರ್ತಿ ಇಲ್ಲ, ಪೂಜೆ ಇಲ್ಲ. ಬೆಂಕಿ ತಾಗಿದ ಊಟ ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಮಾತಾಡುವುದಿಲ್ಲ. ಕಾಯಿಲೆ ಅಂದರೆ ದೇಹ ಆಡುವ ಮಾತು, ಔಷಧಿ ಅದರ ಬಾಯಿ ಮುಚ್ಚಿಸುತ್ತದೆ ಅಂತ ನಂಬುತ್ತಾರೆ. ಸತ್ತವರನ್ನು ಕರೆದರೆ ಅವರ ದಾರಿಗೆ ಅಡ್ಡ ಬಂದಂತೆ, ಹಾಗಾಗಿ ಈ ಸಲ ಪಿತೃಪಕ್ಷದಲ್ಲಿ ಅವರು ಎಡೆ ಇಡಲಿಲ್ಲ.

ಅತ್ತೆಯ ಸಂಕಟವೆಲ್ಲ ಅಲ್ಲೇ ಇತ್ತು. "ಹೆತ್ತ ಅಪ್ಪನಿಗೆ ಒಂದು ತುತ್ತು ಇಡಲಿಲ್ಲ ಕಣಮ್ಮ" ಅಂತ ಅತ್ತರು. ಅಣ್ಣನಿಗೆ ಬೇರೆ ಸಿಟ್ಟು. ಮದುವೆ ಊಟಕ್ಕೆ ಕರೆದರೆ ಭಾವ ನೆನೆಸಿದ ಹೆಸರುಕಾಳಿನ ಡಬ್ಬಿ ತರುತ್ತಾರೆ, ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ. "ತಲೆ ಕೆಟ್ಟಿದೆ ಅಂತ ಬರೆದುಕೊಡಿ ಮೇಡಂ, ಆಸ್ಪತ್ರೆಗೆ ಸೇರಿಸ್ತೀವಿ" ಅಂದರು. ಇಷ್ಟೆಲ್ಲ ಆಗಿ, ಎದ್ದು ಹೊರಡುವಾಗ ಹೆಂಡತಿ ಒಂದು ಮಾತು ಸೇರಿಸಿದರು. "ಪುಟ್ಟಿಗೂ ಇನ್ಸುಲಿನ್ ಸಾಕು, ಇನ್ನು ಬೇಡ ಅಂತಿದ್ದಾರೆ."

ಮೂವರನ್ನೂ ಮತ್ತೆ ಕೂರಿಸಿದೆ.

ಪುಟ್ಟಿಗೆ ಟೈಪ್ 1 ಡಯಾಬಿಟಿಸ್. ಗೊತ್ತಾಗಿ ಕೆಲವೇ ತಿಂಗಳಾಗಿತ್ತು. ಇದು ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯ ಹಾಗಲ್ಲ, ಪಥ್ಯ ಮಾಡಿ ಮಾತ್ರೆ ನುಂಗಿ ಸಂಭಾಳಿಸುವಂಥದ್ದಲ್ಲ. ದೇಹ ಇನ್ಸುಲಿನ್ ತಯಾರಿಸುವುದೇ ನಿಂತುಹೋಗುತ್ತದೆ. ಚುಚ್ಚುಮದ್ದು ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಬಹುದು, ಆಮೇಲೆ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. 1922ರಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದೆರಡು ವರ್ಷ ಉಳಿಸಿಕೊಂಡರೆ ಅದೇ ಹೆಚ್ಚು.

ಅಣ್ಣನಿಗೆ ನೇರವಾಗಿ ಹೇಳಿದೆ, ಹಾಗೆಲ್ಲ ಬರೆದುಕೊಡಲು ಆಗುವುದಿಲ್ಲ. ರೋಗ ಇದೆಯೋ ಇಲ್ಲವೋ ಹೇಳಬೇಕಾದವರು ಮನೋವೈದ್ಯರು. ಅವರೂ ಕೂಡ ಇಂಥ ಕಾರಣಕ್ಕೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸುತ್ತಲಿನವರ ಧಾರ್ಮಿಕ ನಂಬಿಕೆಗೆ ಹೊಂದುವುದಿಲ್ಲ ಅನ್ನುವುದನ್ನೇ ಹಿಡಿದು ಯಾರನ್ನೂ ಮಾನಸಿಕ ರೋಗಿ ಅನ್ನುವ ಹಾಗಿಲ್ಲ. ಈ ಮನುಷ್ಯ ದಿನಾ ಕೆಲಸಕ್ಕೆ ಹೋಗುತ್ತಾರೆ, ಆಳುಗಳ ಲೆಕ್ಕ ಒಂದು ರೂಪಾಯಿ ಹೆಚ್ಚುಕಡಿಮೆ ಆಗದಂತೆ ಬರೆಯುತ್ತಾರೆ, ಚೆನ್ನಾಗಿ ನಿದ್ದೆ ಮಾಡುತ್ತಾರೆ. ಹಸಿಕಾಳು ತಿನ್ನುವುದು ಅವರಿಷ್ಟ. ಎಡೆ ಇಡದೆ ಇರುವುದೂ ಅವರಿಷ್ಟ, ಅಮ್ಮನಿಗೆ ನೋವಾಗುತ್ತದೆ ನಿಜ, ಆದರೆ ಎಡೆಯನ್ನು ಅಮ್ಮ ಮತ್ತು ಸೊಸೆ ಸೇರಿ ಇಡಬಹುದು ಅಲ್ವಾ? ಅದಕ್ಕೆ ಮಗ ಅಡ್ಡ ಬರದಿದ್ದರೆ ಸಾಕು.

ನನಗೆ ಇಂಥ ಮನೆಗಳಲ್ಲಿ ಪದೇ ಪದೇ ಕಾಣುವುದು ಇದೇ. ವಿಚಿತ್ರವಾಗಿ ಕಂಡಿದ್ದಕ್ಕೆ ಜಗಳ, ಅಪಾಯ ಇರುವುದು ಪಟ್ಟಿಯ ಕೊನೆಯಲ್ಲಿ. ನಾಲ್ಕು ಜನ ಏನಂದಾರು ಅನ್ನುವ ಅಳತೆಗೋಲು ಬಿಟ್ಟು ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳಿ ಅಂದೆ. ಈ ನಂಬಿಕೆಯಿಂದ ನೋವು ಯಾರಿಗೆ? ಆ ವ್ಯಕ್ತಿಗೆ ಬೇಡ ಅನ್ನುವ ಶಕ್ತಿ ಇದೆಯಾ?

ಆಮೇಲೆ ಗಂಡನೂ ಬಂದರು. ಜಗಳಕ್ಕೆ ಸಿದ್ಧರಾಗೇ ಬಂದಿದ್ದರು. ಮೊದಲೇ ಹೇಳಿಬಿಟ್ಟೆ, ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ, ಆದರೆ ಮಗುವಿನ ಜೀವಕ್ಕೆ ಅಪಾಯ ಅನ್ನಿಸಿದರೆ ಸುಮ್ನೆ ಕೂರುವುದಕ್ಕೆ ನನ್ನಿಂದ ಆಗುವುದಿಲ್ಲ.

ಅವರ ವಾದ ಗಟ್ಟಿಯಾಗಿತ್ತು. "ಡಾಕ್ಟರೇ ಇನ್ಸುಲಿನ್ ಅರ್ಧಕ್ಕರ್ಧ ಇಳಿಸಿದ್ದಾರೆ ಮೇಡಂ. ನಾನು ಅವಳಿಗೋಸ್ಕರ ಮೌನ ಹಿಡಿದ ತಿಂಗಳಲ್ಲೇ. ಇದಕ್ಕೇನಂತೀರಿ?" ಅವರು ಹೇಳಿದ್ದು ಸುಳ್ಳಲ್ಲ. ಟೈಪ್ 1ರಲ್ಲಿ ಚಿಕಿತ್ಸೆ ಶುರುವಾದ ಮೇಲೆ ಎಷ್ಟೋ ಮಕ್ಕಳಿಗೆ ಕೆಲವು ವಾರ, ಕೆಲವು ತಿಂಗಳು ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಡಾಕ್ಟರುಗಳು ಇದನ್ನು ಹನಿಮೂನ್ ಅವಧಿ ಅನ್ನುತ್ತಾರೆ. ಇನ್ಸುಲಿನ್ ತಯಾರಿಸುವ ಅಳಿದುಳಿದ ಜೀವಕೋಶಗಳು ಸ್ವಲ್ಪ ದಿನ ಚೇತರಿಸಿಕೊಂಡು ಕೆಲಸ ಮಾಡುತ್ತವೆ, ಆಮೇಲೆ ಅವೂ ನಿಲ್ಲುತ್ತವೆ. ಹರಕೆ, ಕಷಾಯ, ಮೌನ, ಯಾವುದು ಮಾಡಿದ್ದರೂ ಆ ಹೊತ್ತಿನಲ್ಲಿ ಫಲ ಕೊಟ್ಟ ಹಾಗೇ ಕಾಣುತ್ತದೆ. ಇದನ್ನು ನಾನು ಹೇಳಿದರೆ ನಂಬಲಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ, ಅವರು ಚಿತ್ರ ಬರೆದು ವಿವರಿಸಿದರು.

ಇನ್ನೊಂದು ಪ್ರಶ್ನೆ ಎಸೆದರು. "ಶ್ರವಣಬೆಳಗೊಳದಲ್ಲಿ ಸಲ್ಲೇಖನ ತಗೊಂಡು ಪ್ರಾಣ ಬಿಡ್ತಾರೆ, ಅವರಿಗೆ ಕೈ ಮುಗೀತೀರಿ. ನಮ್ಮದು ಮಾತ್ರ ತಪ್ಪಾ?" ಒಳ್ಳೆಯ ಪ್ರಶ್ನೆ, ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಜೈನರ ಆ ಉಪವಾಸ ವ್ರತವನ್ನು ಆತ್ಮಹತ್ಯೆ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದರ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಆದರೆ ಅಲ್ಲಿ ವ್ರತ ತೆಗೆದುಕೊಳ್ಳುವವರು ಬದುಕು ಕಂಡವರು, ಗುರುವಿನ ಅನುಮತಿ ಕೇಳಿ ತಮ್ಮ ದೇಹದ ಮೇಲೆ ತಾವೇ ತೆಗೆದುಕೊಳ್ಳುತ್ತಾರೆ. ಮಗಳ ಪರವಾಗಿ ಅಪ್ಪ ತೆಗೆದುಕೊಳ್ಳುವ ವ್ರತ ಅದಲ್ಲ. ನಾಳೆ ನಿಮಗೆ ಬಿ.ಪಿ. ಬಂದು ಮಾತ್ರೆ ಬೇಡ ಅಂದರೆ ನಾನು ವಾದ ಮಾಡುತ್ತೇನೆ, ಒತ್ತಾಯ ಮಾಡುವುದಿಲ್ಲ ಅಂದೆ. ಪುಟ್ಟಿಯ ವಿಷಯದಲ್ಲಿ ಹಾಗಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಆಚರಿಸುವ ಹಕ್ಕು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಅಂತ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಬೇಕಂತಲೇ ಮಗುವನ್ನು ನಿರ್ಲಕ್ಷಿಸಿ ನರಳುವಂತೆ ಮಾಡಿದರೆ 3 ವರ್ಷದವರೆಗೆ ಜೈಲು ಆಗಬಹುದು, ಹೆತ್ತವರಿಗೂ ಅಷ್ಟೇ. ಒಂದು ಡೋಸ್ ತಡೆದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವವಳು ನಾನೇ ಅಂತ ಮುಖಕ್ಕೆ ಹೇಳಿದೆ.

ಅವರು ಎದ್ದು ಹೋಗಲಿಲ್ಲ. ತುಂಬ ಹೊತ್ತಿನ ಮೇಲೆ, "ದಿನಕ್ಕೆ ನಾಲ್ಕು ಸಲ ನನ್ನ ಮಗಳನ್ನು ನಾನೇ ಚುಚ್ಚಬೇಕು ಮೇಡಂ" ಅಂದರು. ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟು ಫ್ರಿಜ್ ನಿಂತಾಗ, ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಕುಡಿಕೆ ಇಟ್ಟು, ಅದರಲ್ಲಿ ಇನ್ಸುಲಿನ್ ಬಾಟಲಿ ತಂಪಾಗಿಟ್ಟವರು ಇದೇ ಅಪ್ಪ. ಮಗಳ ಮೇಲೆ ಪ್ರೀತಿ ಇಲ್ಲದವರಲ್ಲ. ಸೂಜಿ ನೋಡಲಾಗದ ಸಂಕಟಕ್ಕೆ ಆ ಗುಂಪಿನ ಮಾತು ಒಂದು ದಾರಿ ತೋರಿಸಿತ್ತು.

ಪುಟ್ಟಿಯ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. "ಆಂಟಿ, ನಾನೂ ರಾತ್ರಿ ಮಾತಾಡದೆ ಇದ್ರೆ ಸೂಜಿ ಬೇಡ್ವಾ?" ಅಂತ ಕೇಳಿದಳು. ತಾನು ಮಾತಾಡಿದ್ದಕ್ಕೇ ಕಾಯಿಲೆ ವಾಸಿಯಾಗುತ್ತಿಲ್ಲ ಅಂತ ಅಂದುಕೊಂಡಿದ್ದಳು. ಇದನ್ನು ಅಪ್ಪನಿಗೆ ಅವಳ ಮುಂದೆಯೇ ಹೇಳಿದೆ. ನಾನು ಓದಿ ಹೇಳಿದ ಕಾನೂನಿಗಿಂತ ಅದು ಜಾಸ್ತಿ ನಾಟಿತು ಅನ್ನಿಸುತ್ತದೆ.

ಕೊನೆಗೆ ಒಪ್ಪಿದ್ದು ಇಷ್ಟು. ಇನ್ಸುಲಿನ್ ಅಮ್ಮನ ಜವಾಬ್ದಾರಿ, ಅಪ್ಪ ಚುಚ್ಚಬೇಕಾಗಿಲ್ಲ, ತಡೆಯುವಂತೆಯೂ ಇಲ್ಲ. ಡೋಸ್ ಇಳಿಸುವುದು ಏರಿಸುವುದು ಡಾಕ್ಟರು ಮಾತ್ರ. ಅವರ ರಾತ್ರಿ ಮೌನ ಇರಲಿ, ಆದರೆ ಪುಟ್ಟಿಗೆ ಸಕ್ಕರೆ ಇಳಿದು ಬೆವರು, ನಡುಕ ಬಂದರೆ ಅವರು ಬಾಯಿ ಬಿಡಬೇಕು, ಸಕ್ಕರೆ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಮದುವೆ ಮನೆಗೆ ಹೆಸರುಕಾಳಿನ ಡಬ್ಬಿ ಬರಲಿ, ಅಣ್ಣ ಅದರ ಬಗ್ಗೆ ಸೊಲ್ಲೆತ್ತಬಾರದು.

ಈಗ ಉಳಿದಿರುವುದು ಒಂದು ವಿಷಯ. ಅಪ್ಪನಿಗೆ ಮಗಳನ್ನೂ ಗುಂಪಿನ ಸಭೆಗೆ ಕರೆದುಕೊಂಡು ಹೋಗುವ ಆಸೆ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ಅಪ್ಪನ ನಂಬಿಕೆ ಮಗಳಿಗೆ ಗೊತ್ತಾಗುವುದರಲ್ಲಿ ತಪ್ಪಿಲ್ಲ, ಆದರೆ ಕಾಯಿಲೆಯ ಬಗ್ಗೆ ಅಲ್ಲಿ ಯಾರೂ ಅವಳ ಹತ್ತಿರ ಮಾತೆತ್ತುವುದಿಲ್ಲ ಅಂತ ಗುಂಪಿನ ಹಿರಿಯರಿಂದಲೇ ಮಾತು ತನ್ನಿ, ಅಲ್ಲಿಯವರೆಗೆ ಬೇಡ ಅಂದಿದ್ದೇನೆ. ಕೇಳಿಕೊಂಡು ಬರುತ್ತೇನೆ ಅಂತ ಹೋಗಿದ್ದಾರೆ.