ಬೀಗದ ಕೈ ಯಾರ ಬಳಿ ಇರಬೇಕು?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಾನಿಯೊಬ್ಬರು ನಿಮ್ಮ ಹಳ್ಳಿ ಶಾಲೆಗೆ ಹತ್ತು ಕಂಪ್ಯೂಟರ್ ಕೊಡಿಸಲು ಮುಂದೆ ಬಂದಿದ್ದಾರೆ. ಊರಿಗಿನ್ನೂ ಸರಿಯಾದ ಇಂಟರ್‌ನೆಟ್ ಇಲ್ಲ, ಕರೆಂಟನ್ನು ನಂಬುವಂತಿಲ್ಲ. ‘ಈಗಲೇ ತೆಗೆದುಕೊಳ್ಳಬೇಕೋ, ಸಂಪರ್ಕ ಬರುವವರೆಗೆ ಕಾಯಬೇಕೋ? ಯಂತ್ರ ಸಿಕ್ಕರೆ ಮಕ್ಕಳು ತಾವೇ ಕಲಿಯುತ್ತಾರಲ್ಲವೇ?’ ಎಂದು ಕೇಳಿದ್ದೀರಿ.

ಕಾಯಬೇಡಿ. ಆದರೆ ಹತ್ತನ್ನೂ ತೆಗೆದುಕೊಳ್ಳಬೇಡಿ. ನಾಲ್ಕು ಸಾಕು. ಉಳಿದ ಹಣ ಬ್ಯಾಟರಿಗೆ, ರಿಪೇರಿಗೆ, ಆ ಕೋಣೆ ನೋಡಿಕೊಳ್ಳುವವರ ಸಂಬಳಕ್ಕೆ ಇರಲಿ ಎಂದು ದಾನಿಗಳನ್ನು ಕೇಳಿ. ಅವರನ್ನು ಒಪ್ಪಿಸುವುದು ಕಷ್ಟವಾದೀತು, ಆದರೂ ಪಟ್ಟು ಬಿಡಬೇಡಿ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಹೋಗಿದ್ದೆ. ಕಂಪ್ಯೂಟರ್ ಕೋಣೆಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಕಿಟಕಿಯಿಂದ ಇಣುಕಿದೆ. ಮಾನಿಟರುಗಳಿಗೆಲ್ಲ ಬಟ್ಟೆ ಹೊದಿಸಿತ್ತು, ಕೀಬೋರ್ಡುಗಳ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಏನಾದರೂ ಕೆಟ್ಟರೆ ತಮ್ಮ ತಲೆಗೆ ಬರುತ್ತದೆಂಬ ಹೆದರಿಕೆ ಅಲ್ಲಿನವರಿಗೆ. ಅವರನ್ನು ನಾನು ದೂರುವುದಿಲ್ಲ. ಕೆಟ್ಟರೆ ಸರಿಮಾಡಿಸಲು ಅವರ ಕೈಯಲ್ಲಿ ಹಣವಿರಲಿಲ್ಲ. ನನ್ನ ಪಕ್ಕದಲ್ಲಿ ತುದಿಗಾಲಲ್ಲಿ ನಿಂತು ಇಣುಕುತ್ತಿದ್ದ ಹುಡುಗಿ, ‘ಆ ಮೂಲೇಲಿರೋದನ್ನ ನಾನು ಒಂದ್ಸಲ ಮುಟ್ಟಿದೀನಿ’ ಅಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಯಂತ್ರಗಳನ್ನು ಹಂಚಿದರೆ ಸಾಕು ಎಂದುಕೊಂಡದ್ದಕ್ಕೆ ಪೆರು ದೇಶ ದೊಡ್ಡ ಉದಾಹರಣೆ. ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು. 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಹೊರಬಂತು. ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಸುಧಾರಿಸಿದ್ದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ಆ ಶಾಲೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲವೆಂದೇ ಹೇಳಬೇಕು. ಪಾಠದೊಳಗೆ ಲ್ಯಾಪ್‌ಟಾಪನ್ನು ಹೇಗೆ ತರಬೇಕೆಂದು ಶಿಕ್ಷಕರಿಗೆ ಹೇಳಿಕೊಟ್ಟದ್ದೂ ಕಡಿಮೆ.

ಮಕ್ಕಳು ತಾವೇ ಕಲಿಯುವ ಮಾತಿಗೆ ಬರುತ್ತೇನೆ. 1999ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆ ಕೊರೆದು ಕಂಪ್ಯೂಟರ್ ಇಟ್ಟದ್ದು ನಿಮ್ಮ ಮನಸ್ಸಿನಲ್ಲಿರಬೇಕು. ಮೌಸ್ ಹಿಡಿಯುವುದು, ಪುಟ ತೆರೆಯುವುದನ್ನೆಲ್ಲ ಮಕ್ಕಳು ಒಬ್ಬರಿಗೊಬ್ಬರು ತೋರಿಸಿಕೊಂಡೇ ಕಲಿತರು, ನಿಜ. ಆದರೆ ಅದೇ ಮಿತ್ರ ಮುಂದೆ ದೂರದೂರಿನ ಹಿರಿಯರನ್ನು ಇಂಟರ್‌ನೆಟ್ ಮೂಲಕ ಮಕ್ಕಳೊಡನೆ ಮಾತಿಗೆ ಕೂರಿಸಿದರು. ‘ಭೇಷ್, ಆಮೇಲೇನಾಯ್ತು ಹೇಳು’ ಎಂದು ಕೇಳುವವರು ಮಗುವಿಗೆ ಬೇಕು. ನಿಮ್ಮ ಶಾಲೆಯಲ್ಲಿ ಅದನ್ನು ಕೇಳಲು ನೀವಿದ್ದೀರಿ.

ಇಂಟರ್‌ನೆಟ್ ಇಲ್ಲದ ಕೊರತೆಯನ್ನು ಒಂದು ಮಟ್ಟಿಗೆ ತುಂಬಬಹುದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರ್ 2012ರಿಂದ ಸಿಗುತ್ತಿದೆ, ಸಾಮಾನ್ಯವಾಗಿ ಹತ್ತು ವಾಟ್‌ಗಿಂತ ಕಡಿಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ. ಅದರ ಮೆಮೊರಿ ಕಾರ್ಡಿಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಹಾಕಬಹುದು, ಕೊಲಿಬ್ರಿ ಎಂಬ ಇನ್ನೊಂದರ ಮೂಲಕ ಪಾಠ, ಲೆಕ್ಕ, ವಿಡಿಯೊಗಳನ್ನೂ ತುಂಬಬಹುದು. ಅದಕ್ಕೊಂದು ವೈಫೈ ಜೋಡಿಸಿದರೆ ನಾಲ್ಕೂ ಕಂಪ್ಯೂಟರುಗಳು, ಹಳೆಯ ಮೊಬೈಲುಗಳೂ ಅದನ್ನು ತೆರೆಯುತ್ತವೆ. ನಾಳೆ ಸಂಪರ್ಕ ಬಂದರೂ ಇದು ವ್ಯರ್ಥವಲ್ಲ. 10 ಎಂಬಿಪಿಎಸ್ ವೇಗದ ಸಂಪರ್ಕವನ್ನು 20 ಮಕ್ಕಳು ಒಟ್ಟಿಗೆ ಬಳಸಿದರೆ ತಲೆಗೆ ಅರ್ಧ ಎಂಬಿಪಿಎಸ್ ಸಿಗುತ್ತದೆ. ವಿಡಿಯೊ ನಿಂತು ನಿಂತು ಓಡುತ್ತದೆ. ಅದನ್ನೇ ರಾತ್ರಿ ಒಮ್ಮೆ ಇಳಿಸಿಟ್ಟುಕೊಂಡರೆ ಬೆಳಿಗ್ಗೆ ಎಲ್ಲರೂ ನೋಡಬಹುದು.

ಕರೆಂಟಿನದು ಬರೀ ಲೆಕ್ಕ. ಡೆಸ್ಕ್‌ಟಾಪೂ ಮಾನಿಟರೂ ಸೇರಿ ಸುಮಾರು 100 ವಾಟ್ ಎಳೆಯುತ್ತವೆ, ಲ್ಯಾಪ್‌ಟಾಪ್ ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಲ್ಯಾಪ್‌ಟಾಪ್ ಕೇಳಿ. ಅರ್ತಿಂಗ್ ಮಾಡಿಸದೆ ಏನನ್ನೂ ಹಚ್ಚಬೇಡಿ.

ಸಂಪರ್ಕ ತಾನಾಗಿ ಬರುತ್ತದೆಂದು ಮಾತ್ರ ಕೂರಬೇಡಿ. ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ, ಫೋನ್ ತಂತಿಯೂ ಇಲ್ಲದ ಬೆಟ್ಟದೂರು. ಅಲ್ಲಿನ ಶಿಕ್ಷಕ ಮಹಾಬೀರ್ ಪುನ್ ಹಳೆಯ ಬಿಡಿಭಾಗಗಳಿಂದ ಕಂಪ್ಯೂಟರ್ ಜೋಡಿಸಿ, ಹಳ್ಳದ ನೀರಿನಿಂದ ತೆಗೆದ ವಿದ್ಯುತ್ತಿನಲ್ಲಿ ಓಡಿಸಿದರು. 2001ರಲ್ಲಿ ಬಿಬಿಸಿಗೆ ಪತ್ರ ಬರೆದು ನೆರವು ಕೇಳಿದರು. ಸ್ವಯಂಸೇವಕರು ಬಂದರು, ಮರದ ತುದಿಗೆ ಆಂಟೆನಾ ಕಟ್ಟಿ, ವೈಫೈಯನ್ನು ಬೆಟ್ಟದಿಂದ ಬೆಟ್ಟಕ್ಕೆ ದಾಟಿಸಿ ಪೋಖರಾದವರೆಗೆ ಕೊಂಡಿ ಹಾಕಿದರು. ಎರಡು ಆಂಟೆನಾಗಳ ನಡುವೆ ಅಡ್ಡ ಏನೂ ಇಲ್ಲದಿದ್ದರೆ ವೈಫೈ ಹತ್ತಾರು ಕಿಲೋಮೀಟರ್ ಹೋಗುತ್ತದೆ. ಆ ಜಾಲದಿಂದಲೇ ಹಳ್ಳಿಯ ರೋಗಿಗಳು ಪೇಟೆಯ ವೈದ್ಯರೊಡನೆ ಮಾತಾಡಿದರು. 2007ರಲ್ಲಿ ಪುನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಿಮ್ಮೂರಿನ ಎತ್ತರದ ಜಾಗದಿಂದ ಹತ್ತಿರದ ಪೇಟೆಯಲ್ಲಿ ಆಂಟೆನಾ ಕಟ್ಟಬಹುದಾದ ಯಾವುದಾದರೂ ಗೋಪುರ ಕಣ್ಣಿಗೆ ಬೀಳುತ್ತದೆಯೇ? ಒಮ್ಮೆ ಹತ್ತಿ ನೋಡಿ.

ಊರಿನವರನ್ನು ಒಳಗೆ ಬಿಡಿ, ಇದು ನನ್ನ ಒತ್ತಾಯದ ಕೋರಿಕೆ. ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಆ ಕೋಣೆ ಎಲ್ಲರದಾಗಲಿ. ಅರ್ಜಿ ತುಂಬಲು, ಬೆಳೆಯ ಧಾರಣೆ ನೋಡಲು, ದೂರದಲ್ಲಿರುವ ಮಗನ ಮುಖ ನೋಡಲು ಬಂದವರು ಬ್ಯಾಟರಿ ಸತ್ತ ದಿನ ಸುಮ್ಮನೆ ಕೂರುವುದಿಲ್ಲ. ಹೆಂಗಸರಿಗೆಂದು ವಾರದಲ್ಲಿ ಎರಡು ಸಂಜೆ ಬೇರೆಯಾಗಿಯೇ ಇಡಿ. ಇಲ್ಲದಿದ್ದರೆ ಹುಡುಗರ ಗುಂಪೇ ಕುರ್ಚಿ ಹಿಡಿದುಬಿಡುತ್ತದೆ. ನೋಡಿಕೊಳ್ಳಲು ನಿಮ್ಮಲ್ಲೇ ಓದಿದ ಯುವತಿಯೊಬ್ಬಳು ಸಿಕ್ಕರೆ ಅವಳಿಗೇ ಸಂಬಳ ಕೊಟ್ಟು ನೇಮಿಸಿ.

ಬೀಗಕ್ಕೆ ಎರಡು ಕೈ ಮಾಡಿಸಿ. ಒಂದು ಅವಳ ಬಳಿ ಇರಲಿ, ಇನ್ನೊಂದು ಶಾಲೆಯ ಹತ್ತಿರದ ಮನೆಯಲ್ಲಿರಲಿ. ದಾನಿಗಳಿಗೆ ಬರೆಯುವ ಪತ್ರದ ಕರಡನ್ನು ನನಗೆ ಕಳಿಸಿ, ಕೂತು ತಿದ್ದಿಕೊಡುತ್ತೇನೆ.

— ಸಂಪಾದಕ