‘ಎಂದು ಹೇಳಲಾಗುತ್ತದೆ’ ಅಂದರೆ ಯಾರು ಹೇಳಿದ್ದು?

ನಮಸ್ಕಾರ. ಯುರೋಪಿನ ಭಾಷೆಗಳಲ್ಲಿ ಲಿವರ್‌ಗೆ ಇರುವ ಹೆಸರುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಬರವಣಿಗೆ ತಿಳಿಯಾಗಿದೆ. ಸಂಸ್ಕೃತದ ಯಕೃತ್, ಲ್ಯಾಟಿನ್ನಿನ ಇಯೆಕುರ್, ಗ್ರೀಕಿನ ಹೇಪಾರ್ ಒಂದೇ ಬಳ್ಳಿಯವು ಎಂದಿದ್ದೀರಿ. ಯಾವುದನ್ನೂ ಯಾವುದಕ್ಕೂ ತಾಯಿ ಮಾಡಿಲ್ಲ, ಸಂತೋಷ. ಈಗ ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಮೂರನೇ ಪ್ಯಾರಾ. ನಿಮ್ಮ ಸಾಲು ಹೀಗಿದೆ: ‘ಲಿವರ್‌ಗೆ ಸ್ಪ್ಯಾನಿಶ್‌ನಲ್ಲಿ ಇಗಾದೊ ಎನ್ನುತ್ತಾರೆ, ಬರೆಯುವಾಗ ಮೊದಲಿಗೆ ಹೆಚ್ ಬರುತ್ತದೆ, ಹಾಗಾಗಿ ಇದು ಗ್ರೀಕಿನ ಹೇಪಾರ್‌ನಿಂದ ಬಂದಿದೆ.’

ಈ ‘ಹಾಗಾಗಿ’ ಎಲ್ಲಿಂದ ಬಂತು? ಪಕ್ಕದ ಪೋರ್ಚುಗೀಸ್ ನೋಡಿದ್ದರೆ ಸಾಕಿತ್ತು, ಅಲ್ಲಿ ಫಿಗಾದು. ಇಟಲಿಯಲ್ಲಿ ಫೇಗತೊ, ರೊಮೇನಿಯಾದಲ್ಲಿ ಫಿಕಾತ್. ಎಲ್ಲ ಕಡೆ ಫಕಾರ. ಲ್ಯಾಟಿನ್ನಿನಲ್ಲಿ ಪದದ ಮೊದಲಿಗಿದ್ದ ಫ ಸ್ಪ್ಯಾನಿಶ್‌ಗೆ ಬರುವಾಗ ಎಷ್ಟೋ ಕಡೆ ಹ ಆಯಿತು, ಆಮೇಲೆ ಆ ಹ ಕೂಡ ಬಾಯಿಂದ ಬಿದ್ದುಹೋಗಿ ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಹಿಟ್ಟಿಗೆ ಲ್ಯಾಟಿನ್ನಿನಲ್ಲಿ ಫರೀನಾ, ಸ್ಪ್ಯಾನಿಶ್‌ನಲ್ಲಿ ಅರೀನಾ. ಅಂಜೂರಕ್ಕೆ ಅಲ್ಲಿ ಫಿಕುಸ್, ಇಲ್ಲಿ ಈಗೊ. ಎರಡನ್ನೂ ಬರೆಯುವಾಗ ಮುಂದೆ ಅದೇ ಮೂಕ ಹೆಚ್. ಹಳಗನ್ನಡದ ಪಾಲ್ ಹಾಲಾದದ್ದು, ಪುಲಿ ಹುಲಿಯಾದದ್ದು ನಿಮಗೆ ಗೊತ್ತಿರುವುದೇ ಅಲ್ವಾ? ಹುಲಿಯ ಹಕಾರ ನೋಡಿ ‘ಹಿಂದಿಯಿಂದ ಬಂತು’ ಎಂದು ಯಾರಾದರೂ ಬರೆದಿದ್ದರೆ ನೀವು ಒಪ್ಪುತ್ತಿದ್ದಿರಾ?

ಇನ್ನು ಐದನೇ ಪ್ಯಾರಾ: ‘ಅಂಜೂರದ ಹಣ್ಣಿಗೂ ಈ ಪದಗಳಿಗೂ ಸಂಬಂಧವಿದೆ ಎಂದು ಹೇಳಲಾಗುತ್ತದೆ.’ ಅಷ್ಟೇ. ಮುಂದಿನ ಸಾಲಿನಲ್ಲಿ ನೀವು ಜರ್ಮನಿಗೆ ಹೊರಟೇ ಹೋದಿರಿ.

ನಾನು ಹುಡುಗನಾಗಿ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಾಗ, ಅಲ್ಲಿದ್ದ ಹಿರಿಯ ಉಪಸಂಪಾದಕರು ‘ಎಂದು ಹೇಳಲಾಗುತ್ತದೆ’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ಅಂಚಿನಲ್ಲಿ ‘ಯಾರು?’ ಎಂದು ಬರೆಯುತ್ತಿದ್ದರು. ಆ ಹಾಳೆ ಹಿಡಿದು ನಾನು ಲೈಬ್ರರಿಗೆ ಹೋಗಬೇಕು, ಹೇಳಿದವರ ಹೆಸರು ಹುಡುಕಿ ತರಬೇಕು, ಸಿಗದಿದ್ದರೆ ಸಾಲನ್ನೇ ತೆಗೆಯಬೇಕು. ಸಂಜೆ ಬಸ್ಸು ತಪ್ಪುತ್ತಿತ್ತು, ಅವರ ಮೇಲೆ ವಿಪರೀತ ಕೋಪ ಬರುತ್ತಿತ್ತು. ಆದರೆ ಹೆಸರು ಸಿಕ್ಕ ದಿನ ಅದನ್ನು ಮೊದಲು ಅವರಿಗೇ ತೋರಿಸಬೇಕು ಅನ್ನಿಸುತ್ತಿತ್ತು.

ನಿಮ್ಮ ಸಾಲಿಗೆ ಹೆಸರುಗಳು ಇವೆ ಕಣ್ರೀ! ರೋಮನ್ ಕವಿ ಹೊರೇಸ್, ಕ್ರಿ.ಪೂ. 30ರ ಸುಮಾರಿಗೆ, ಒಂದು ಔತಣವನ್ನು ಬಣ್ಣಿಸುತ್ತಾ ಅಂಜೂರ ತಿನ್ನಿಸಿ ಕೊಬ್ಬಿಸಿದ ಬಿಳಿ ಹೆಬ್ಬಾತಿನ ಲಿವರ್ ಬಡಿಸಿದ್ದನ್ನು ಹೇಳುತ್ತಾನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಲೇಖಕ ಪ್ಲಿನಿ, ಇದನ್ನೇ ಹಂದಿಗೂ ಮಾಡಿದವನು ರೋಮಿನ ಭೋಜನಪ್ರಿಯ ಅಪಿಸಿಯಸ್ ಎಂದು ಬರೆದಿದ್ದಾನೆ. ಒಣ ಅಂಜೂರ ತಿನ್ನಿಸಿ ತಿನ್ನಿಸಿ, ಕೊನೆಗೆ ಜೇನು ಬೆರೆಸಿದ ವೈನ್ ಕುಡಿಸಿ ತಟ್ಟನೆ ಸಾಯಿಸುವುದು. ಇಂಥ ಲಿವರ್‌ಗೆ ‘ಇಯೆಕುರ್ ಫಿಕಾತುಂ’ ಅಂದರು, ಅಂಜೂರದ ಲಿವರ್ ಅಂತ. ಹೇಳಿ ಹೇಳಿ ಇಯೆಕುರ್ ಬಿದ್ದುಹೋಯಿತು, ಫಿಕಾತುಂ ಉಳಿಯಿತು. ಅಡುಗೆಯವರ ಮಾತು ಮನುಷ್ಯನ ಹೊಟ್ಟೆಯೊಳಗಿನ ಅಂಗಕ್ಕೂ ಹೆಸರಾಯಿತು. ಸ್ಪ್ಯಾನಿಶ್‌ನ ಇಗಾದೊ ಇದೇ ಪದ, ಫ್ರೆಂಚರ ಫ್ವಾ ಕೂಡ ಇದೇ, ಫ್ವಾ ಗ್ರಾ ಇವತ್ತಿಗೂ ಕೊಬ್ಬಿಸಿದ ಬಾತಿನ ಲಿವರ್ರೇ.

ಗ್ರೀಕರೂ ಇದೇ ದಾರಿ ಹಿಡಿದವರು. ಅಲ್ಲಿ ಅಂಜೂರಕ್ಕೆ ಸೀಕೋನ್. ಇವತ್ತು ಅಥೆನ್ಸಿನ ಮಾಂಸದಂಗಡಿಯಲ್ಲಿ ನೀವು ಲಿವರ್ ಕೇಳಬೇಕಾದರೆ ‘ಸಿಕೋತಿ’ ಅನ್ನಬೇಕು. ಹಳೆಯ ಹೇಪಾರ್ ಈಗ ಡಾಕ್ಟರುಗಳ ಪಾಲಿಗಿದೆ, ನಮ್ಮ ಆಸ್ಪತ್ರೆಗಳ ಹೆಪಟೈಟಿಸ್‌ನಲ್ಲೂ ಇದೆ. ಗ್ರೀಸಿನ ಪೇಟೆಯಲ್ಲೇ ಬಳಕೆ ತಪ್ಪಿದ ಪದವನ್ನು ನೀವು ಸ್ಪೇನಿನ ಅಡುಗೆಮನೆಗೆ ಕಳಿಸಿದ್ದೀರಿ. ಇಷ್ಟು ಒಳ್ಳೆಯ ಕಥೆ ಕೈಯಲ್ಲಿದ್ದೂ ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿದದ್ದು.

ಜರ್ಮನ್, ರಷ್ಯನ್ ಭಾಗಗಳನ್ನು ನಾನು ಮುಟ್ಟಿಲ್ಲ. ಮೂರನೇ ಪ್ಯಾರಾ ಪೂರ್ತಿ ತೆಗೆಯಿರಿ, ಹೊರೇಸನ ಔತಣದಿಂದಲೇ ಲೇಖನ ಶುರು ಮಾಡಿ. ಆ ಪದ್ಯವನ್ನು ನೀವೇ ಹುಡುಕಿ ಓದಿ, ನಾನು ಹೇಳಿದೆ ಅಂತ ಬರೆಯಬೇಡಿ. ತಿದ್ದಿದ ಪ್ರತಿ ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.