ಖಾಲಿ ಗ್ಲಾಸಿನ ಅರ್ಥ

ಪ್ರಶ್ನೆ: ನಮ್ಮದು ವಿಜಯಪುರ, ಈಗ ಪುಣೆಯ ಪಿಂಪ್ರಿಯಲ್ಲಿದ್ದೇವೆ. ಗಂಡನಿಗೆ ಚಾಕಣದ ಜಪಾನಿ ಕಂಪನಿಯೊಂದರಲ್ಲಿ ಕೆಲಸ. ತಿಂಗಳಿಗೆ ನಾಲ್ಕೈದು ಸಲ ಸಾಹೇಬರ ಜೊತೆ ಪಾರ್ಟಿ. ಕೇಳಿದರೆ, 'ಜಪಾನಿನಲ್ಲಿ ಎಲ್ಲರೂ ಕುಡಿಯುತ್ತಾರೆ, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೂ ಬರುತ್ತಾರೆ. ಬೇಡ ಅಂದರೆ ಅವಮಾನ' ಅನ್ನುತ್ತಾರೆ. ಈಗ ಪಾರ್ಟಿ ಇಲ್ಲದ ದಿನವೂ ಶುರುವಾಗಿದೆ. ಜಪಾನಿಯರಿಗೆ ಕುಡಿತದ ರೋಗ ಬರೋದೇ ಇಲ್ವಾ?

ಉತ್ತರ: ಬರುತ್ತದೆ ತಂಗಿ, ಚೆನ್ನಾಗಿಯೇ ಬರುತ್ತದೆ. ಇಪ್ಪತ್ತು ವರ್ಷ ಇದೇ ಪುಣೆಯಲ್ಲಿ ಜಪಾನಿ ಸಾಹೇಬರಿಗೆ ದುಭಾಷಿಯಾಗಿದ್ದವನು ನಾನು. ಅವರ ಪಾರ್ಟಿಗೆ 'ನೊಮಿಕಾಯ್' ಅಂತ ಹೆಸರು. ಕೂತ ಕೂಡಲೇ 'ತೊರಿಯಾಏಜು ಬೀರು', ಅಂದರೆ 'ಸದ್ಯಕ್ಕೆ ಬಿಯರ್ ಇರಲಿ'. ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳುವ ಹಾಗಿಲ್ಲ, ಪಕ್ಕದವರು ಸುರಿಯಬೇಕು. ಖಾಲಿ ಗ್ಲಾಸು ಕಂಡರೆ ಇನ್ನೂ ಬೇಕು ಅಂತಲೇ ಅರ್ಥ. ಇದು ಗೊತ್ತಿಲ್ಲದೆ, ಬೇಗ ಮುಗಿಸಿದರೆ ಬಿಡುಗಡೆ ಎಂದುಕೊಂಡು ಮೊದಲ ಪಾರ್ಟಿಯಲ್ಲಿ ಗಟಗಟ ಕುಡಿದೆ. ಏಳು ಗ್ಲಾಸು ಆಯಿತು. ಮರುದಿನ ಮೀಟಿಂಗಿನಲ್ಲಿ ಮರಾಠಿ ಮ್ಯಾನೇಜರಿಗೆ ಕನ್ನಡದಲ್ಲಿ ಅನುವಾದ ಹೇಳಿದೆನಂತೆ! ಆಮೇಲೆ ಒಂದೇ ಗ್ಲಾಸನ್ನು ತುಂಬಿದಂತೆಯೇ ಇಟ್ಟುಕೊಂಡು ಎರಡು ಗಂಟೆ ಕೂರುವುದನ್ನು ಕಲಿತೆ. ಯಾರೂ ಏನೂ ಅನ್ನಲಿಲ್ಲ.

ಬೇಡ ಅಂದರೆ ಅವಮಾನ ಅನ್ನುವುದು ಹಳೇ ಮಾತು. ಹತ್ತು ಜಪಾನಿಯರಲ್ಲಿ ಸುಮಾರು ನಾಲ್ವರಿಗೆ ಹೆಂಡ ಅರಗಿಸುವ ಕಿಣ್ವವೇ ದುರ್ಬಲ. ಎರಡು ಗುಟುಕಿಗೇ ಮುಖ ಕೆಂಪಗಾಗುತ್ತದೆ. ಕುಡಿಯಲಾಗದವರಿಗೆ 'ಗೆಕೊ' ಅಂತ ಪದವೇ ಇದೆ. ಇಷ್ಟು ದಿನ ಕುಡಿದ ನಿಮ್ಮವರು ಈಗ 'ನಾನು ಗೆಕೊ' ಅಂದರೆ ನಗುತ್ತಾರೆ, ಅಲ್ವಾ? 'ದೊಕುತಾ ಸುತೊಪ್ಪು' ಅನ್ನಲಿ. ಡಾಕ್ಟರ್ ಬೇಡ ಅಂದಿದ್ದಾರೆ ಅನ್ನುವುದಕ್ಕೆ ಅದು ಅವರದೇ ಮಾತು. ಒತ್ತಾಯ ಮಾಡಿ ಕುಡಿಸುವುದನ್ನು ಅಲ್ಲಿ ಈಗ 'ಅರುಹಾರ' ಎಂದು ಕಿರುಕುಳಗಳ ಸಾಲಿಗೆ ಸೇರಿಸಿದ್ದಾರೆ. ಹುಡುಗರು ಕುಡಿಯುವುದು ಎಷ್ಟು ಕಡಿಮೆಯಾಗಿದೆ ಎಂದರೆ, ಮದ್ಯದ ವ್ಯಾಪಾರ ಎತ್ತಲು ಐಡಿಯಾ ಕೊಡಿ ಅಂತ 2022ರಲ್ಲಿ ತೆರಿಗೆ ಇಲಾಖೆಯೇ ಯುವಕರಿಗೆ ಸ್ಪರ್ಧೆ ಇಟ್ಟಿತ್ತು. ಸರ್ಕಾರಗಳೆಲ್ಲ ಒಂದೇ ಬಿಡಿ.

ಇನ್ನು ಬೆಳಿಗ್ಗೆ ಎಂಟಕ್ಕೆ ಬರುವ ಮಾತು. ಅಲ್ಲಿನ ತೊಂದರೆಯೇ ಅದು. ಕೆಲಸಕ್ಕೆ ಬಂದರೆ ಸಾಕು, ರಾತ್ರಿ ಸ್ಟೇಷನ್ನಿನಲ್ಲಿ ಬಿದ್ದುಕೊಂಡಿದ್ದನ್ನು ಯಾರೂ ಎತ್ತಿ ಆಡುವುದಿಲ್ಲ. ರೋಗ ಮನೆಯವರಿಗೆ ಮಾತ್ರ ಕಾಣುತ್ತದೆ. ಯೊಕೊಸುಕಾದ ಕುರಿಹಾಮ ಆಸ್ಪತ್ರೆಯಲ್ಲಿ ಕುಡಿತದ ರೋಗಿಗಳಿಗೆಂದೇ ವಾರ್ಡು ತೆರೆದದ್ದು 1963ರಲ್ಲಿ. ಅದೇ ವರ್ಷ ಕುಡಿತ ಬಿಟ್ಟವರ 'ದಾನ್‌ಶುಕಾಯ್' ಗುಂಪುಗಳು ದೇಶಮಟ್ಟದ ಒಕ್ಕೂಟ ಕಟ್ಟಿಕೊಂಡವು. ಅಲ್ಲಿ ಹೆಸರು ಮುಚ್ಚಿಡುವುದಿಲ್ಲ. ಹೆಂಡತಿಯೂ ಪಕ್ಕದಲ್ಲೇ ಕೂತು ತನ್ನ ಪಾಡು ಹೇಳಿಕೊಳ್ಳುತ್ತಾಳೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು 'ಪಾರ್ಟಿ ಇಲ್ಲದ ದಿನವೂ' ಅನ್ನುವ ಸಾಲು. ಅದಕ್ಕೂ ಜಪಾನಿಗೂ ಸಂಬಂಧವಿಲ್ಲ. ನಿಮ್ಮ ಪುಣೆಯ ಯೆರವಡಾದಲ್ಲೇ ಕುಡಿತ ಬಿಡಿಸುವ ಮುಕ್ತಾಂಗಣ ಕೇಂದ್ರ ಇದೆ, 1986ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ನಿಮ್ಮವರು ಬರದಿದ್ದರೆ ಮೊದಲು ನೀವೊಬ್ಬರೇ ಹೋಗಿ ಮಾತಾಡಿ ಬನ್ನಿ. ಸುಮ್ನೆ ಬಾಟಲಿ ಬಚ್ಚಿಟ್ಟು ಒಮ್ಮೆಗೇ ಬಿಡಿಸಲು ಹೋಗಬೇಡಿ. ದಿನಾ ಜಾಸ್ತಿ ಕುಡಿಯುವವರಿಗೆ ಹಾಗೆ ಮಾಡಿದರೆ ಫಿಟ್ಸ್ ಬರಬಹುದು, ವೈದ್ಯರನ್ನು ಕೇಳಿಯೇ ಮಾಡಿ.

ಚಾಕಣದಿಂದ ರಾತ್ರಿ ಬೈಕಿನಲ್ಲಿ ಬರುತ್ತಾರಾ? ಜಪಾನಿನಲ್ಲಿ 2007ರಿಂದ, ಗಾಡಿ ಓಡಿಸುವವನಿಗೆ ಕುಡಿಸಿದವನಿಗೂ, ಗೊತ್ತಿದ್ದೂ ಅವನ ಗಾಡಿ ಹತ್ತಿದವನಿಗೂ ಶಿಕ್ಷೆ. ಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಬೈಕಿನ ಕೀ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಬಾಟಲಿ ತಾನಾಗೇ ಹಿಂದಕ್ಕೆ ಹೋಗುತ್ತದೆ.